ತೆರೆಯ ಹಿಂದೆ ಕೂತವರು

ನನಗೆ ಬಂದ ಕಾಯಿಲೆಗೆ ಆಗ ನಮ್ಮೂರಲ್ಲಿ ಹೆಸರಿರಲಿಲ್ಲ. ದವಾಖಾನೆಯವರು ಒಂದು ಹೇಳಿದರು, ತಾಯಿತ ಕಟ್ಟುವವರು ಇನ್ನೊಂದು ಹೇಳಿದರು, ಓಣಿಯ ಹೆಂಗಸರು ಬಾಯಿಗೆ ಬಂದದ್ದನ್ನು ಹೇಳಿದರು. ನಾನಂತೂ ಅದನ್ನು ಕಾಯಿಲೆಯೆಂದೇ ಒಪ್ಪಿರಲಿಲ್ಲ. ಮೈ ಕರಗುತ್ತ ಹೋದ ಹಾಗೆ ನನಗೆ ಒಳಗೊಳಗೇ ಖುಷಿ. ಈ ಕಾಯಿಲೆಯ ದೊಡ್ಡ ಮೋಸವೇ ಅದು. ಬೇರೆ ರೋಗಗಳಲ್ಲಿ ರೋಗಿ ಅಳುತ್ತಾನೆ, ಇದರಲ್ಲಿ ರೋಗಿಯನ್ನು ಬಿಟ್ಟು ಮನೆಮಂದಿಯೆಲ್ಲ ಅಳುತ್ತಾರೆ.

ಈಗ ನನಗೆ ಮೊಮ್ಮಕ್ಕಳಿದ್ದಾರೆ. ಹೊತ್ತು ಹೊತ್ತಿಗೆ ಗಡದ್ದಾಗಿ ಉಣ್ಣುತ್ತೇನೆ, ಸೊಸೆ ಬಡಿಸಿದ್ದು ಕಡಿಮೆಯಾದರೆ ಮುಖ ಗಂಟಿಕ್ಕುತ್ತೇನೆ. ಆದರೂ ಒಮ್ಮೊಮ್ಮೆ ತಟ್ಟೆಯ ಮುಂದೆ ಕೂತಾಗ ಯಾರೋ ಪಕ್ಕದಿಂದ ಓರೆಯಾಗಿ ನೋಡುತ್ತಿದ್ದಾರೆ ಅನ್ನಿಸುತ್ತದೆ. ಹಾಗೆ ಅನ್ನಿಸುವವಳು ನಾನೊಬ್ಬಳೇ ಅಲ್ಲವೆಂದು ಗೊತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ನಮ್ಮ ಮನೆಮಾತು ಉರ್ದು. ನಾನು ಕಲಿತದ್ದು ಕನ್ನಡ ಶಾಲೆಯಲ್ಲಾದ್ದರಿಂದ ಮನೆಯವರ ಮಾತನ್ನೂ ಇಲ್ಲಿ ಕನ್ನಡದಲ್ಲೇ ಆಡಿಸಿದ್ದೇನೆ.

ಮೂವತ್ತರ ದಶಕ ಮುಗಿಯುತ್ತ ಬಂದಿತ್ತು. ಶಿರಸಿಯಲ್ಲಿ ನಮ್ಮ ಅಬ್ಬಾನದು ಒಂದು ಸರ್ವಿಸ್ ಮೋಟಾರು, ಈಗಿನ ಮಾತಲ್ಲಿ ಬಸ್ಸು. ಬೆಳಿಗ್ಗೆ ಹೊರಟು ಮಂಚಿಕೇರಿಯ ಮೇಲೆ ಯಲ್ಲಾಪುರಕ್ಕೆ ಹೋಗಿ ಸಂಜೆ ಹಿಂದಿರುಗುತ್ತಿತ್ತು. ಓಡಿಸುವವರು ಕಾಸಿಂ ಚಾಚಾ. ಯಲ್ಲಾಪುರದಲ್ಲಿ ಅಮ್ಮನ ಅಕ್ಕ, ಅಂದರೆ ನಮ್ಮ ಖಾಲಾ, ಇದ್ದರು. ಅವರ ಮಗಳು ಮೆಹರ್ ನನ್ನ ಓರಗೆಯವಳು. ಇಬ್ಬರಿಗೂ ಆಗ ಹದಿನಾಲ್ಕೋ ಹದಿನೈದೋ. ನಾನು ಮೊದಲಿನಿಂದಲೂ ಸಾಧಾರಣ ಮೈಯವಳು. ಮೆಹರ್ ಮಾತ್ರ ತುಂಬಿದ ಮೈಯವಳು, ಕೆನ್ನೆ ಎರಡೂ ಉಬ್ಬಿದ ಪೂರಿಯ ಹಾಗೆ. ಎಡಮೂಗಿನಲ್ಲಿ ಬಿಳಿ ಹರಳಿನ ಮೂಗುತಿ. ನಕ್ಕರೆ ಕಣ್ಣು ಕೆನ್ನೆಯೊಳಗೆ ಹೂತುಹೋಗುತ್ತಿದ್ದವು. ಅಮ್ಮನ ತಾಯಿ, ನಮ್ಮ ನಾನಿ, ತೀರಿಹೋಗುವ ಮುಂಚೆ ಒಂದೇ ಅಳತೆಯ ಎರಡು ಬೆಳ್ಳಿ ಬಳೆ ಮಾಡಿಸಿ ನಮಗೆ ಒಂದೊಂದು ತೊಡಿಸಿದ್ದರು. ಬಳ್ಳಿಯ ಕೆತ್ತನೆಯ ಆ ಜೋಡಿ ಮತ್ತೆ ಯಾರ ಕೈಯಲ್ಲೂ ಇರಲಿಲ್ಲ.

ಮಳೆಗಾಲ ಮುಗಿದ ಮೇಲೆ ಊರ ಹೊರಗಿನ ಬಯಲಿಗೆ ಟೆಂಟಿನ ಟಾಕಿ ಬಂತು. ಮೆಹರ್ ಅದನ್ನು ನೋಡಲೆಂದೇ ನಮ್ಮ ಮೋಟಾರು ಹತ್ತಿ ಬಂದಳು. ಡೈನಮೋ ಎಂಜಿನ್ನಿಗೆ ಬೇಕಾದ ಸಾಮಾನು ನಮ್ಮ ಮೋಟಾರಿನಲ್ಲೇ ಬರುತ್ತಿದ್ದುದರಿಂದ ಟೆಂಟಿನವರು ನಮ್ಮ ಮನೆಯ ಹೆಂಗಸರನ್ನು ಪುಕ್ಕಟೆ ಬಿಡುತ್ತಿದ್ದರು. ಒಂದೇ ಆಟವನ್ನು ಎಷ್ಟು ಸಲ ನೋಡಿದೆವೋ ಲೆಕ್ಕವಿಲ್ಲ. ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು ಅನ್ನುವ ಜಾತಿಯವರು ನಾವು.

ಆ ಟೆಂಟಿನಲ್ಲಿ ಗಂಡಸರು ತೆರೆಯ ಮುಂದೆ, ಹೆಂಗಸರು ತೆರೆಯ ಹಿಂದೆ. ಆಟಕ್ಕೆ ಮುಂಚೆ ಒಬ್ಬ ಆಳು ತೆರೆಗೆ ನೀರು ಹೊಡೆಯುತ್ತಿದ್ದ. ಬಟ್ಟೆ ಒದ್ದೆಯಾದರೆ ಬೆಳಕು ಹಿಂದಕ್ಕೂ ದಾಟಿ, ನಮಗೂ ಬೊಂಬೆ ಕಾಣುತ್ತದೆ. ಹಿಂದೆ ಕೂತ ಹೆಂಗಸರಲ್ಲೂ ಒಂದು ವಿಂಗಡಣೆಯಿತ್ತು. ನಮ್ಮ ಓಣಿಯ ಮುಸಲ್ಮಾನ ಮನೆಯವರಿಗೆ ತೀರ ಅಂಚಿನಲ್ಲಿ, ಚಾದರ ಕಟ್ಟಿ, ಬೇರೆ ಜಾಗ. ಎಷ್ಟು ಅಂಚೆಂದರೆ ತೆರೆ ಕಟ್ಟಿದ ಕಂಬ ಕೈಗೆ ಸಿಗುತ್ತಿತ್ತು. ಅಲ್ಲಿ ಕೂತು ತೆರೆ ನೋಡುವುದೆಂದರೆ ಅರ್ಧ ತೆರೆದ ಬಾಗಿಲಿನ ಸಂದಿಯಿಂದ ಬೀದಿ ನೋಡಿದ ಹಾಗೆ. ಆದರೇನು, ನಮಗೆ ಅದೇ ಸ್ವರ್ಗ.

ಕಥೆಯೇನೂ ದೊಡ್ಡದಲ್ಲ. ಒಬ್ಬ ರಾಣಿ ಕೋಟೆಯೊಂದರಲ್ಲಿ ಸೆರೆಯಾಗಿರುತ್ತಾಳೆ. ರಾಜಕುಮಾರನ ನೆನಪಿನಲ್ಲಿ ಅನ್ನ ನೀರು ಬಿಟ್ಟು ಕೃಶಳಾಗುತ್ತಾಳೆ. ಕೊನೆಗೆ ಅವನು ಬಂದು ಅವಳನ್ನು ಒಂದೇ ಕೈಯಲ್ಲಿ ಎತ್ತಿ ಕುದುರೆಯ ಮೇಲೆ ಕೂರಿಸುತ್ತಾನೆ. ನಾವು ಕೂತಲ್ಲಿಂದ ಆ ರಾಣಿ ಎಷ್ಟು ತೆಳ್ಳಗೆ ಕಾಣುತ್ತಿದ್ದಳೆಂದರೆ, ಬೆಳಕಿನಲ್ಲಿ ಕೊರೆದ ಒಂದು ಗೆರೆ. ಉದ್ದ ಮುಖ, ಒಳಸೇರಿದ ಕೆನ್ನೆ, ಕಡ್ಡಿಯಂಥ ಸೊಂಟ, ಬಲಮೂಗಿನಲ್ಲಿ ಹೊಳೆಯುವ ಮೂಗುತಿ. ಸಿಪಾಯಿಗಳೆಲ್ಲ ಎಡಗೈಯಲ್ಲಿ ಕತ್ತಿ ಹಿಡಿದಿದ್ದರು. ರಾಜನ ಆನೆ ಕೂಡ ಬಡಕಲು. ಯಾವುದೋ ಪರದೇಶದ ಆನೆ ಇರಬೇಕೆಂದು ನಾವಿಬ್ಬರೂ ಮಾತಾಡಿಕೊಂಡೆವು. ಅಷ್ಟಕ್ಕೇ ಬಿಟ್ಟೆವು.

“ಕಡ್ಡಿ ಹಾಗಿದ್ದಾಳೆ ಪಾಪ” ಅಂದಳು ಅಮ್ಮ.

“ಅದಕ್ಕೇ ಅವನು ಒಂದೇ ಕೈಯಲ್ಲಿ ಎತ್ತಿದ್ದು” ಅಂದಳು ಮೆಹರ್. ಅವಳ ದನಿಯಲ್ಲಿ ನಗು ಇರಲಿಲ್ಲ.

ಆ ವರ್ಷವೇ ಸಿದ್ದಾಪುರದ ಕಡೆಯವರು ಮೆಹರ್‌ಳನ್ನು ನೋಡಿ ಹೋಗಿದ್ದರು. “ಮೈ ಕೈ ತುಂಬಿಕೊಂಡ ಹುಡುಗಿ, ಮನೆಗೆ ಲಕ್ಷಣ” ಎಂದು ಹುಡುಗನ ತಾಯಿ ಕೆನ್ನೆ ನೇವರಿಸಿ ಮಿಠಾಯಿ ತಿನ್ನಿಸಿದ್ದರು. ನಮ್ಮ ಕಡೆ ಅದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ. ಟಾಕಿ ನೋಡಿದ ಮೇಲೆ ಮೆಹರ್‌ಗೆ ಆ ಮಾತು ಮುಳ್ಳಾಯಿತು. ಅಂಗಳದ ಅಟ್ಟದ ಮೇಲೆ ಹಪ್ಪಳ ಒಣಗಿಸಲು ಕೂತಾಗ ನನ್ನನ್ನು ಕೇಳಿದಳು. “ಹಲೀಮಾ, ಆ ಸಿದ್ದಾಪುರದವರು ನನ್ನನ್ನು ಎತ್ತಬಲ್ಲರೇನೇ?”

“ನಿನ್ನನ್ನು ಎತ್ತೋಕೆ ಅಬ್ಬಾನ ಮೋಟಾರೇ ಬೇಕು” ಅಂದೆ. ತಮಾಷೆಗೆ ಅಂದದ್ದು. ಅವಳೂ ನಕ್ಕಳು. ಅಂದು ರಾತ್ರಿ ಅವಳು ಉಣ್ಣಲಿಲ್ಲ, ನಾನೂ ಉಣ್ಣಲಿಲ್ಲ. ನನಗೂ ಯಾರಾದರೂ ಒಂದೇ ಕೈಯಲ್ಲಿ ಎತ್ತಬೇಕಿತ್ತು.

ಗಂಡಸರು ಆ ರಾಣಿಯನ್ನು ಮುಂದಿನಿಂದ ನೋಡಿದವರು. ಆದರೆ ಯಾವ ಅಪ್ಪ, ಯಾವ ಚಾಚಾ, ಮನೆಯ ಹೆಣ್ಣುಮಕ್ಕಳ ಎದುರು ಸಿನೆಮಾದವಳ ಮೈಕಟ್ಟಿನ ಮಾತೆತ್ತುತ್ತಾನೆ? ಹಂಚಿದ ಹಸ್ತಪತ್ರಿಕೆಯಲ್ಲಿ ಬರೀ ಅಕ್ಷರ. ಹೀಗೆ ಒಂದೇ ಮನೆಯಲ್ಲಿ, ಒಂದೇ ಆಟ ನೋಡಿ ಬಂದು, ಒಂದೇ ದೀಪದ ಕೆಳಗೆ ಕೂತು, ಅವರು ಒಬ್ಬಳನ್ನು ನೆನೆಯುತ್ತಿದ್ದರು, ನಾವು ಇನ್ನೊಬ್ಬಳನ್ನು. ಅದು ಯಾರಿಗೂ ಗೊತ್ತಿರಲಿಲ್ಲ.

ನಾವು ಶುರುಮಾಡಿದ್ದು ಆಟವೆಂದು. ನಾನಿಯ ಬಳೆಯೇ ನಮ್ಮ ಅಳತೆ. ಅದನ್ನು ಮಣಿಕಟ್ಟಿನಿಂದ ಮೇಲಕ್ಕೆ ತಳ್ಳುತ್ತ ಹೋಗುವುದು, ಎಲ್ಲಿ ನಿಲ್ಲುತ್ತದೋ ನೋಡುವುದು. ಯಲ್ಲಾಪುರಕ್ಕೆ ಹೊರಡುವ ಮುಂಚೆ ಮೆಹರ್ ಇನ್ನೊಂದು ಕೆಲಸ ಮಾಡಿದಳು. ರಾಣಿಗಿರುವುದು ಬಲಮೂಗಿನಲ್ಲಿ ಎಂದು, ಎಡಗಡೆಯ ಮೂಗುತಿ ತೆಗೆದಿಟ್ಟು, ಹೊಲಿಗೆಯ ಸೂಜಿಯಿಂದ ತಾನೇ ಬಲಮೂಗು ಚುಚ್ಚಿಕೊಂಡಳು. ನಾನು ಕನ್ನಡಿ ಹಿಡಿದಿದ್ದೆ. ಒಂದು ಹನಿ ರಕ್ತ ಅವಳ ತುಟಿಯ ಮೇಲೆ ಇಳಿಯಿತು. ಅದನ್ನು ಒರೆಸಿಕೊಳ್ಳದೆ ಕನ್ನಡಿಯಲ್ಲಿ ತನ್ನನ್ನು ನೋಡುತ್ತ ನಿಂತಳು.

ಟೆಂಟು ಕಿತ್ತು ಮುಂದಿನ ಊರಿಗೆ ಹೋಯಿತು. ರಾಣಿ ಹೋಗಲಿಲ್ಲ. ಮಟಮಟ ಮಧ್ಯಾಹ್ನ, ಅಮ್ಮ ನಮಾಜಿಗೆ ನಿಂತು ಮನೆ ಸದ್ದಡಗಿದಾಗ, ಅಡುಗೆಮನೆಯ ಬಾಗಿಲ ಸಂದಿಯಲ್ಲಿ ಅವಳು ನಿಂತಿರುತ್ತಿದ್ದಳು. ನೇರವಾಗಿ ನೋಡಿದರೆ ಇಲ್ಲ. ಕಣ್ಣಿನ ಅಂಚಿನಲ್ಲಿ ಮಾತ್ರ, ಒಂದು ಬಿಳಿ ಗೆರೆ. ನಾನು ತುತ್ತು ಎತ್ತಿದರೆ ಆ ಗೆರೆ ಅಲ್ಲಾಡುತ್ತಿತ್ತು, ಕೆಳಗಿಟ್ಟರೆ ಸುಮ್ಮನಾಗುತ್ತಿತ್ತು. ನನಗೆ ಭಯವಾಗುತ್ತಿತ್ತು. ಅವಳು ಹೋದಾಳೆಂಬ ಭಯ ಅದಕ್ಕಿಂತ ಹೆಚ್ಚಾಗಿತ್ತು.

ರೊಟ್ಟಿಯನ್ನು ಮಡಿಲಿಗೆ ಜಾರಿಸಿ ಕೋಳಿಗಳಿಗೆ ಹಾಕುವುದು ಕಲಿತೆ. ನಮ್ಮ ಕೋಳಿಗಳು ಆ ವರ್ಷ ದುಂಡಗಾದವು. ತಿಂಗಳದು ನಿಂತಿತು. ತಲೆಕೂದಲು ಹಣಿಗೆಗೆ ಬಂತು, ಬದಲಿಗೆ ತೋಳ ಮೇಲೆ ಬೆಕ್ಕಿನ ಮರಿಗಿದ್ದಂಥ ನವುರು ಕೂದಲು ಎದ್ದಿತು. ಫಾಲ್ಗುಣದ ಬಿಸಿಲಿನಲ್ಲಿ ರಜಾಯಿ ಹೊದ್ದು ಕೂರುತ್ತಿದ್ದೆ. ಅಮ್ಮ ಬೈದಳು, ಮುದ್ದಿಸಿದಳು, ಕೈಮುಗಿದಳು. ಅಬ್ಬಾ ಹುಬ್ಬಳ್ಳಿಯಿಂದ ಬಿಸ್ಕತ್ತು ತರಿಸಿದರು. ತಾಯಿತ ಕಟ್ಟಿಸಿದರು. ತೋಳಿಗೆ ಕಟ್ಟಿದ ತಾಯಿತ ವಾರ ಕಳೆಯುವುದರೊಳಗೆ ಮಣಿಕಟ್ಟಿಗೆ ಜಾರುತ್ತಿತ್ತು. ಮತ್ತೆ ಬಿಗಿಯುತ್ತಿದ್ದರು.

ಸಂಜೆ ಮೋಟಾರು ಬಂದ ಸದ್ದಾದರೆ ನಾನು ಕಿಟಕಿಗೆ ಹೋಗುತ್ತಿದ್ದೆ. ಕಾಸಿಂ ಚಾಚಾ ಅಂಗಳದಿಂದಲೇ ಕೂಗಿ ಯಲ್ಲಾಪುರದ ಸುದ್ದಿ ಹೇಳುತ್ತಿದ್ದರು. “ಅಲ್ಲಿಯೂ ಇದೇ ಕಥೆ, ಮೆಹರ್ ಬೀಬಿ ಏನೂ ತಿನ್ನೋದಿಲ್ಲವಂತೆ. ಬಳೆ ಮೊಳಕೈ ದಾಟ್ತಂತೆ.” ಅಮ್ಮ ತಲೆಯ ಮೇಲೆ ಕೈಹೊತ್ತು ಕೂರುತ್ತಿದ್ದಳು. ನಾನು ಒಳಗೆ ಹೋಗಿ ನನ್ನ ಬಳೆಯನ್ನು ತಳ್ಳಿ ನೋಡುತ್ತಿದ್ದೆ. ಒಂದೇ ಜಿನ್ ಇಬ್ಬರನ್ನೂ ಹಿಡಿದಿದೆ, ಮೋಟಾರಿನಲ್ಲಿ ಕೂತು ಹೋಗಿ ಬಂದು ಮಾಡುತ್ತಿದೆ ಎಂದು ಓಣಿಯಲ್ಲಿ ಮಾತಾಯಿತು. ಕೆಲವರು ನಮ್ಮ ಮೋಟಾರು ಹತ್ತುವುದನ್ನೇ ಬಿಟ್ಟರು.

ಆಮೇಲೆ ಒಂದು ಬೆಳಿಗ್ಗೆ, ಇನ್ನೂ ಒಲೆ ಹೊತ್ತಿಸುವ ಮುಂಚೆ, ಅಬ್ಬಾ ಮತ್ತು ಅಮ್ಮ ಮೋಟಾರಿನಲ್ಲಿ ಯಲ್ಲಾಪುರಕ್ಕೆ ಹೋದರು. “ಖಾಲಾಗೆ ಮೈ ಸರಿಯಿಲ್ಲ” ಅಂದರು. ನೆರೆಮನೆಯವರ ಸುಪರ್ದಿಯಲ್ಲಿ ನನ್ನನ್ನು ಬಿಟ್ಟಿದ್ದರು. ಮೂರು ದಿನ ಬಿಟ್ಟು ಬಂದಳು ಅಮ್ಮ. ಬಂದವಳು ಬಚ್ಚಲಿಗೆ ಹೋಗಿ ಬಹಳ ಹೊತ್ತು ಮುಖಕ್ಕೆ ನೀರು ಹಾಕಿಕೊಂಡಳು.

“ಮೆಹರ್ ಹೇಗಿದ್ದಾಳೆ?” ಎಂದು ನಾನು ಬಾಗಿಲಲ್ಲಿ ನಿಂತು ಕೇಳಿದೆ.

ಅಮ್ಮ ನನ್ನನ್ನು ನೋಡಿದಳು. ಮುಖ, ಕತ್ತು, ತೋಳು, ಪಾದ, ಎಲ್ಲವನ್ನೂ ಮೊದಲ ಸಲವೆಂಬಂತೆ ನೋಡಿದಳು. “ಗಂಜಿ ಕುಡಿದಳು” ಅಂದಳು.

“ಸುಳ್ಳು.”

“ಯಾಕೆ ಸುಳ್ಳು ಹೇಳಲಿ? ನನ್ನ ಕೈಯಿಂದಲೇ ಕುಡಿದಳು. ಉಪ್ಪು ಕಡಿಮೆಯಾಯಿತು ಅಂತ ಕೇಳಿ ಹಾಕಿಸಿಕೊಂಡಳು.”

ನನಗೆ ಮೆಹರ್ ಮೇಲೆ ಸಿಟ್ಟು ಬಂತು. ನನ್ನನ್ನು ಇಲ್ಲಿ ಒಂಟಿ ಬಿಟ್ಟು ಅವಳು ಹೊರಟುಹೋದಳಲ್ಲ ಅನ್ನಿಸಿತು.

ಮಾರನೆಯ ದಿನವೇ ನನ್ನನ್ನು ದವಾಖಾನೆಗೆ ಒಯ್ದರು. ಮೋಟಾರಿನಿಂದ ಇಳಿಯುವಾಗ ಕಾಲು ಮಡಚಿತು. ಅಬ್ಬಾನ ಒಂದು ಕೈಯಲ್ಲಿ ಗಂಜಿಯ ಡಬ್ಬಿಯಿತ್ತು. ಅವರು ಇನ್ನೊಂದು ಕೈಯಿಂದ ನನ್ನನ್ನು ಬಳಸಿ ಎತ್ತಿಕೊಂಡರು. ಒಂದೇ ಕೈಯಲ್ಲಿ. ಡಬ್ಬಿ ಕೆಳಗಿಡುವ ಅಗತ್ಯವೂ ಬೀಳಲಿಲ್ಲ. ಎತ್ತಿದವರು ಎರಡು ಹೆಜ್ಜೆ ಇಟ್ಟು ನಿಂತರು. ಅವರ ಎದೆ ನಡುಗುವುದು ನನ್ನ ಪಕ್ಕೆಗೆ ತಾಗುತ್ತಿತ್ತು. ತಲೆಯೆತ್ತಿ ನೋಡಿದರೆ ಅಬ್ಬಾ ಅಳುತ್ತಿದ್ದರು. ನಾನು ಅಷ್ಟು ದಿನ ಕಾದಿದ್ದ ಗಳಿಗೆ ಅದೇ ಆಗಿತ್ತು. ರಾಜಕುಮಾರ ಅಳುತ್ತಾನೆಂದು ಸಿನೆಮಾದಲ್ಲಿ ತೋರಿಸಿರಲಿಲ್ಲ.

ದವಾಖಾನೆಯ ಜಗಲಿಯಲ್ಲಿ ಬೆಂಚು. ಕಾಯುವವರ ಸಾಲು ಉದ್ದ. ಜ್ವರದ ಮಕ್ಕಳು, ಕೊಡಲಿ ತಾಗಿದ ಕಾಲು, ಫಿನಾಯಿಲಿನ ವಾಸನೆ. ಅಬ್ಬಾ ಚೀಟಿ ಮಾಡಿಸಲು ಹೋದರು, ಅಮ್ಮ ನೀರು ತರಲು ಹೋದಳು. ನನ್ನ ಎದುರಿಗೆ ಭೈರುಂಬೆ ಕಡೆಯ ಹವ್ಯಕರ ಅಜ್ಜಿಯೊಬ್ಬರು ಕೂತಿದ್ದರು. ಸ್ವಲ್ಪ ಹೊತ್ತು ನನ್ನನ್ನೇ ನೋಡಿ ಮಡಿಲಿನಿಂದ ಬಾಳೆಹಣ್ಣು ತೆಗೆದು ಬೆಂಚಿನ ಮೇಲಿಟ್ಟರು.

“ಎಂತ ಆತೇ ಕೂಸೇ ನಿಂಗೆ? ಹಣ್ಣು ತಿನ್ನು. ಹಣ್ಣಿಗೆ ಮಡಿ ಮೈಲಿಗೆ ಇಲ್ಲೆ.”

ನಾನು ಬೇಡವೆಂದು ತಲೆಯಾಡಿಸಿದೆ. ಅಜ್ಜಿ ಇನ್ನೊಂದು ಹಣ್ಣು ತೆಗೆದು ಅದರ ಪಕ್ಕಕ್ಕೆ ಇಟ್ಟರು.

“ಇದು ಆ ಕೂಸಿಗೆ. ಎಲ್ಲಿ ಹೋತು ಅದು? ಈಗ ನಿನ್ನ ಬಗಲಿಗೇ ಕೂತಿತ್ತು.”

“ಯಾವ ಹುಡುಗಿ?”

“ನಿನ್ನ ಹಾಂಗೇ ಇದ್ದು. ಸಪೂರ. ಮೂಗಿಗೆ ಎಂತದೋ ಗಾಯ ಆದಾಂಗೆ ಕಂಡ್ತು.”

ನನ್ನ ಬೆನ್ನ ಹಿಂದೆ ಔಷಧಿಯ ಕಪಾಟಿತ್ತು, ಅದಕ್ಕೆ ಗಾಜಿನ ಬಾಗಿಲು. ನನ್ನದೇ ನೆರಳು ಅದರಲ್ಲಿ ಬಿದ್ದಿರಬೇಕು. ಮೇಲಾಗಿ ಆ ಅಜ್ಜಿ ಬಂದದ್ದೇ ಪೊರೆ ಬಂದ ಕಣ್ಣು ತೋರಿಸಲು. ಈ ಸಮಾಧಾನವನ್ನೆಲ್ಲ ನಾನು ಆಮೇಲೆ ಹೇಳಿಕೊಂಡದ್ದು. ಆಗ ಮಾತ್ರ ಪಕ್ಕಕ್ಕೆ ತಿರುಗಲು ಧೈರ್ಯವಾಗಲಿಲ್ಲ. ಬೆಂಚಿನ ಖಾಲಿ ಭಾಗ ತಣ್ಣಗಿತ್ತು. ಹಣ್ಣೆರಡೂ ಅಲ್ಲೇ ಇದ್ದವು. ಒಂದನ್ನು ಸುಲಿದು ಅರ್ಧ ತಿಂದೆ. ಎಷ್ಟೋ ತಿಂಗಳ ಮೇಲೆ ಯಾರ ಒತ್ತಾಯವೂ ಇಲ್ಲದೆ ತಿಂದದ್ದು ಅದೇ ಮೊದಲು. ಹೆದರಿಕೆಗೆ ತಿಂದೆನೋ, ಹಸಿವಿಗೋ, ಇಂದಿಗೂ ಹೇಳಲಾರೆ.

ಡಾಕ್ಟರು ಧಾರವಾಡದ ಕಡೆಯವರು. ಎದೆಗೆ ನಳಿಗೆ ಇಟ್ಟರು, ಹೊಟ್ಟೆ ಒತ್ತಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು. ಕ್ಷಯವಿರಬಹುದೆಂದು ಅಮ್ಮ ಆಗಲೇ ಸೆರಗು ಕಚ್ಚಿ ನಿಂತಿದ್ದಳು.

“ಎದಿ ಸ್ವಚ್ಛ ಐತ್ರಿ. ಮಲೇರಿಯಾದ ಜ್ವರಗಡ್ಡಿನೂ ಇಲ್ಲ. ಹೊಟ್ಟ್ಯಾಗ ಏನೂ ಇಲ್ಲ, ಅದ ಈಕಿ ರೋಗ” ಅಂದರು. “ನಾ ಟಾನಿಕ್ ಬರದ ಕೊಡತೇನಿ. ಆದ್ರ ಉಣಸೂದು ನಿಮ್ಮ ಕೆಲಸ. ಬೈಬ್ಯಾಡ್ರಿ, ಬಡೀಬ್ಯಾಡ್ರಿ. ಹೆಂಗರ ಮಾಡಿ ಉಣಸ್ರಿ.”

ಹೇಗಾದರೂ ಮಾಡಿ ಎಂಬ ಆ ಮಾತನ್ನು ಅಮ್ಮ ಹಿಡಿದುಕೊಂಡಳು. ಮನೆಗೆ ಬಂದ ಮೇಲೆ ನನಗೆ ಉಣ್ಣು ಅನ್ನುವುದನ್ನೇ ಬಿಟ್ಟಳು. ತಟ್ಟೆ ತಂದಿಟ್ಟು, ಪಕ್ಕದಲ್ಲಿ ಕೂತು, ಅಕ್ಕಿ ಆರಿಸುತ್ತ ಮೆಹರ್‌ಳ ಸುದ್ದಿ ಹೇಳುತ್ತಿದ್ದಳು, ಅಷ್ಟೆ.

“ಮೆಹರ್ ಇವತ್ತು ಅರ್ಧ ರೊಟ್ಟಿ ತಿಂದಳಂತೆ. ದಾಲಿನಲ್ಲಿ ಅದ್ದಿ ಅದ್ದಿ.”

“ಮೆಹರ್‌ಗೆ ಇವತ್ತು ಮೊಟ್ಟೆ ಬೇಕೆನಿಸಿತಂತೆ. ಹಳದಿ ಭಾಗ ಮೊದಲು ತಿಂದು ಬಿಳಿಯದನ್ನು ಆಮೇಲೆ ತಿಂದಳಂತೆ. ಅವಳು ಚಿಕ್ಕವಳಿದ್ದಾಗಲೂ ಹಾಗೇ ತಿನ್ನೋದು.”

ಅವಳು ತಿಂದಿದ್ದಾಳೆಂದರೆ ನಾನು ತಿನ್ನಬಹುದು. ಅವಳು ಬಿಟ್ಟ ಮೇಲೆ ನಾನೊಬ್ಬಳೇ ಯಾರ ಜೊತೆ ಪಂದ್ಯ ಕಟ್ಟಲಿ? ಮೊದಮೊದಲು ಅವಳು ತಿಂದುದರಲ್ಲಿ ಅರ್ಧ ತಿನ್ನುತ್ತಿದ್ದೆ. ಆಮೇಲೆ ಅವಳಷ್ಟೇ. ತುತ್ತು ಗಂಟಲಲ್ಲಿ ಕಲ್ಲಾಗುತ್ತಿತ್ತು, ತಿಂದ ಮೇಲೆ ಅಳುತ್ತಿದ್ದೆ. ಅಮ್ಮ ಅಕ್ಕಿ ಆರಿಸುವುದನ್ನು ಬಿಟ್ಟು ಎದ್ದು ಹೋಗುತ್ತಿರಲಿಲ್ಲ. ಈ ಕಾಯಿಲೆಯವರ ಮನೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು ಹೇಳುತ್ತೇನೆ. ಉಪದೇಶ ಬೇಡ, ಕನ್ನಡಿ ತೋರಿಸುವುದು ಬೇಡ. ಪಕ್ಕದಲ್ಲಿ ಕೂತಿರಿ, ಕೈಗೊಂದು ಕೆಲಸವಿರಲಿ.

ಒಂದು ವಿಷಯ ಮಾತ್ರ ವಿಚಿತ್ರವಾಗಿತ್ತು. ಯಲ್ಲಾಪುರದಲ್ಲಿ ಮೆಹರ್ ತಿಂದದ್ದು ಯಾವಾಗಲೂ ನಮ್ಮ ಒಲೆಯ ಮೇಲೆ ಬೆಂದದ್ದೇ ಆಗಿರುತ್ತಿತ್ತು. ನಮ್ಮಲ್ಲಿ ಹಲಸಿನ ಗುಜ್ಜೆಯ ಪಲ್ಯವಾದ ದಿನ ಅಲ್ಲಿಯೂ ಗುಜ್ಜೆ. ನಮ್ಮಲ್ಲಿ ಸೀಗಡಿ ಬಂದ ದಿನ ಅಲ್ಲಿಯೂ ಸೀಗಡಿ. ನಮ್ಮಿಬ್ಬರ ನಡುವೆ ಏನೋ ಒಂದು ಎಳೆಯಿದೆ, ನನ್ನ ಬಾಯಿಂದ ಅವಳೂ ಉಣ್ಣುತ್ತಿದ್ದಾಳೆ ಎಂದು ನಾನು ನಂಬಿಬಿಟ್ಟೆ. ನಂಬಿದ ಮೇಲೆ ಕೇಳಿಸಲೂ ತೊಡಗಿತು. ನಾನು ಅಗಿಯುವುದನ್ನು ನಿಲ್ಲಿಸಿದ ಮೇಲೂ ಅಗಿಯುವ ಸದ್ದು ಒಂದು ಕ್ಷಣ ಮುಂದುವರಿಯುತ್ತಿತ್ತು. ಬಾಗಿಲ ಸಂದಿಯ ಬಿಳಿ ಗೆರೆ ಆಗ ಅಲ್ಲಿರುತ್ತಿರಲಿಲ್ಲ. ಯಾರೋ ನೆಲದ ಮೇಲೆ ನನ್ನ ಪಕ್ಕಕ್ಕೇ ಕೂತ ಹಾಗೆ, ಚಾಪೆಯ ಆ ಅಂಚು ಕೊಂಚ ಕುಸಿದಂತೆ ಕಾಣುತ್ತಿತ್ತು.

ಕಾಸಿಂ ಚಾಚಾ ಈಗ ಅಂಗಳದಿಂದ ಸುದ್ದಿ ಕೂಗುತ್ತಿರಲಿಲ್ಲ. ನಾನೇ ಕಿಟಕಿಯಿಂದ ಕೇಳಿದರೆ ಟಯರು ಒತ್ತಿ ನೋಡುತ್ತ, “ಹೂಂ ಬೇಟಿ, ಚೆನ್ನಾಗಿದ್ದಾಳೆ” ಅನ್ನುತ್ತಿದ್ದರು. ಟಯರಿಗೆ ಹೇಳಿದ ಹಾಗೆ.

ಮೈಗೆ ಬಿಸಿ ಬಂತು. ಬಳೆ ಮೊಳಕೈಯಿಂದ ಕೆಳಗಿಳಿಯಿತು. ಹೀಗಿರುವಾಗ ಈದ್‌ನ ಮಾರನೆಯ ದಿನ ಖಾಲಾ ಬಂದರು. ಅಷ್ಟು ತಿಂಗಳಲ್ಲಿ ಅದೇ ಮೊದಲು. ಒಬ್ಬರೇ ಬಂದಿದ್ದರು. ನಾನು ಓಡಿಹೋಗಿ ಅವರ ಸೊಂಟ ಹಿಡಿದುಕೊಂಡೆ.

“ಮೆಹರ್‌ನ ಯಾಕೆ ಕರೆತರಲಿಲ್ಲ ಖಾಲಾ? ನಿನ್ನೆ ಎರಡು ಬಟ್ಟಲು ಶೀರ್‌ಖುರ್ಮಾ ಕುಡಿದಳಂತೆ. ನಾನು ಒಂದೇ ಕುಡಿದದ್ದು.”

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಪಾತ್ರೆ ಹಿಡಿದು ನಿಂತಿದ್ದಳು. ಖಾಲಾ ತಲೆಯೆತ್ತಿ ತಂಗಿಯನ್ನು ನೋಡಿದರು. ಅಷ್ಟು ಹೊತ್ತು ಯಾರೂ ಯಾರನ್ನೂ ನೋಡಿದ್ದನ್ನು ನಾನು ಕಂಡಿಲ್ಲ.

“ಹೂಂ, ಕುಡಿದಳು” ಅಂದರು ಖಾಲಾ ಕೊನೆಗೆ. “ಈಗ ಅವಳಿಗೆ ಹಸಿವೆ ಅನ್ನೋದೇ ಇಲ್ಲ, ಹೊಟ್ಟೆ ತುಂಬಿದೆ. ನೀನು ಬಾ. ನಿನಗೆ ನಾನು ತಿನ್ನಿಸ್ತೇನೆ.”

ನೆಲದ ಮೇಲೆ ಕೂತು ತುತ್ತು ಕಲಸಿದರು. ನನ್ನ ಬಾಯಿಗೆ ಹಿಡಿದ ಕೈಯಲ್ಲಿ ಬಳ್ಳಿಯ ಕೆತ್ತನೆಯ ಬೆಳ್ಳಿ ಬಳೆಯಿತ್ತು. ಖಾಲಾನ ಅಗಲ ಕೈಗೆ ಅದನ್ನು ಹೇಗೆ ಹತ್ತಿಸಿದ್ದರೋ, ಮಣಿಕಟ್ಟಿನ ಸುತ್ತ ಚರ್ಮ ಕೆಂಪಾಗಿ ಕಂದಿತ್ತು. ಬಲವಂತಕ್ಕೆ ತೊಟ್ಟ ಬಳೆ. ಇನ್ನು ತೆಗೆ ಅಂದರೂ ತೆಗೆಯಲು ಬಾರದ ಬಳೆ.

ನನಗೆ ಗೊತ್ತಾಯಿತು. ಅಷ್ಟು ದಿನದ ದಾಲು, ಮೊಟ್ಟೆ, ಗುಜ್ಜೆ, ಎಲ್ಲ ಗಂಟಲಿಗೆ ಎದ್ದು ಬಂದಂತಾಯಿತು. ಬಾಯಿ ಮುಚ್ಚಿಕೊಳ್ಳಬೇಕೆನಿಸಿತು. ಖಾಲಾನ ಕೈ ಹಿಡಿದಲ್ಲೇ ಇತ್ತು, ಕೆಳಗಿಳಿಯಲಿಲ್ಲ. ಆ ತುತ್ತು ದೊಡ್ಡದಾಗಿತ್ತು, ಮೆಹರ್‌ಗೆ ಮಾಡುತ್ತಿದ್ದ ಅಳತೆ. ನಾನು ಬಾಯಿ ತೆರೆದೆ.

ಅಂದು ಬಡಿಸಿದ್ದೆಲ್ಲ ಮುಗಿಯುವವರೆಗೆ ತಿಂದೆ. ಬಲಮೂಗಿನ ಗಾಯ ಕೀವಾಗಿ ಜ್ವರ ತಲೆಗೇರಿತ್ತು, ಅದನ್ನು ತಡೆಯಲು ಮೆಹರ್‌ಳ ಮೈಯಲ್ಲಿ ಏನೂ ಉಳಿದಿರಲಿಲ್ಲ ಎಂಬುದನ್ನೆಲ್ಲ ಅಮ್ಮ ಬಹಳ ಕಾಲದ ಮೇಲೆ ಹೇಳಿದಳು. ನಾನು ಜಗಲಿಯ ಬೆಂಚಿನ ಮೇಲೆ ಬಾಳೆಹಣ್ಣು ತಿಂದಾಗ ಅವಳನ್ನು ಮಣ್ಣು ಮಾಡಿ ಬಂದಾಗಿತ್ತು. ಸಾಯುವವಳ ಸುದ್ದಿ ಕೇಳಿ ನಾನು ಒಣಗಿದೆ, ಸತ್ತವಳ ಊಟದ ಸುದ್ದಿ ಕೇಳಿ ಬದುಕಿದೆ. ಅಮ್ಮನ ಆ ಸುಳ್ಳಿಗೆ ಯಾರು ಏನೇ ಹೆಸರಿಡಲಿ, ನಾನು ಮಾತ್ರ ಅದರ ಮೇಲೆ ಒಂದು ಮಾತು ಆಡಲು ಬಿಡುವುದಿಲ್ಲ.

ಎರಡು ಮಳೆಗಾಲ ಕಳೆದು ಟೆಂಟು ಮತ್ತೆ ಬಂತು. ಅದೇ ರಾಣಿಯ ಆಟವನ್ನು ಮತ್ತೆ ತಂದಿದ್ದರು. ಅಮ್ಮ ಬೇಡವೆಂದಳು. ನಾನು ಹಟ ಹಿಡಿದೆ. ಬಾಗಿಲ ಸಂದಿಯಲ್ಲಿ ಆ ರಾಣಿ ಇನ್ನೂ ಆಗೊಮ್ಮೆ ಈಗೊಮ್ಮೆ ಸುಳಿಯುತ್ತಿದ್ದಳು. ಅವಳನ್ನು ಒಂದು ಸಲ ಎದುರಿಗೆ ನೋಡಿ ಮುಗಿಸಬೇಕಿತ್ತು.

ಆ ವರ್ಷ ಟೆಂಟಿನವರು ಹೆಂಗಸರ ಜಾಗ ಬದಲಿಸಿದ್ದರು. ಹಿಂದೆ ಕೂತರೆ ತೆರೆಯ ನೀರು ಹನಿದು ಚಾಪೆ ಒದ್ದೆಯಾಗುತ್ತದೆಂದು ದೂರು ಹೋಗಿತ್ತಂತೆ. ಈಗ ಮುಂದುಗಡೆಯೇ, ಗಂಡಸರ ಬೆನ್ನ ಹಿಂದೆ, ಬೆಂಚು. ನಡುವೆ ಪರದೆ. ದೀಪ ಆರಿದ ಮೇಲೆ ಪರದೆ ಮೇಲಕ್ಕೆ ಸುತ್ತುತ್ತಿದ್ದರು. ಜೀವನದಲ್ಲಿ ಮೊದಲ ಸಲ ನಾನು ತೆರೆಯನ್ನು ಎದುರಿನಿಂದ ನೋಡಿದೆ.

ಸಿಪಾಯಿಗಳು ಬಲಗೈಯಲ್ಲಿ ಕತ್ತಿ ಹಿಡಿದಿದ್ದರು. ಆನೆ ಆನೆಯಷ್ಟೇ ದಪ್ಪಗಿತ್ತು. ಆಮೇಲೆ ಕೋಟೆಯ ಕಿಟಕಿಗೆ ರಾಣಿ ಬಂದಳು. ತುಂಬಿದ ಮೈ. ದುಂಡು ತೋಳು. ಉಬ್ಬಿದ ಕೆನ್ನೆ. ಎಡಮೂಗಿನಲ್ಲಿ ಬಿಳಿ ಹರಳಿನ ಮೂಗುತಿ. ದುಃಖದ ನಡುವೆ ಒಮ್ಮೆ ಸಖಿಯ ಮಾತಿಗೆ ನಕ್ಕಳು. ಅವಳ ಕಣ್ಣು ಕೆನ್ನೆಯೊಳಗೆ ಹೂತುಹೋದವು.

“ಹಲೀಮಾ, ಇವಳು ನಮ್ಮ ಮೆಹರ್ ಹಾಗಿದ್ದಾಳಲ್ಲೇ” ಅಂದಳು ಪಕ್ಕದಲ್ಲಿದ್ದ ಅಮ್ಮ.

ಹುಟ್ಟಿದಾಗಿನಿಂದ ಮೆಹರ್ ಇದ್ದದ್ದೇ ಹಾಗೆ. ಸೂಜಿ ಹಿಡಿಯುವ ಮುಂಚೆ, ತಟ್ಟೆ ತಳ್ಳುವ ಮುಂಚೆ, ಅವಳು ಆ ರಾಣಿಯೇ ಆಗಿದ್ದಳು. ನನ್ನ ಕೈಯಲ್ಲಿದ್ದ ಕನ್ನಡಿಯಲ್ಲೇ ಅದು ಕಾಣುತ್ತಿತ್ತು.

ನಾನು ಎದ್ದೆ. ಬೆಂಚುಗಳ ಬದಿಯಿಂದ, ಕತ್ತಲಲ್ಲಿ ಟೆಂಟಿನ ಕನಾತು ಹಿಡಿದುಕೊಂಡು, ತೆರೆಯ ಹಿಂದಕ್ಕೆ ಹೋದೆ. ಅಲ್ಲಿ ಈಗ ಯಾರೂ ಇರಲಿಲ್ಲ, ಆಳು ಮಾತ್ರ ಹಳೆಯ ರೂಢಿಯಂತೆ ತೆರೆಗೆ ನೀರು ಹೊಡೆದಿದ್ದ. ಹಸಿ ನೆಲ, ಒದ್ದೆ ಬಟ್ಟೆಯ ವಾಸನೆ, ಎಂಜಿನ್ನಿನ ಧಡಧಡ. ನಮ್ಮ ಹಳೆಯ ಮೂಲೆಗೆ ಹೋಗಿ ಕಂಬದ ಪಕ್ಕ ನಿಂತೆ. ಆ ಓರೆಯಿಂದ ರಾಣಿ ಮತ್ತೆ ಒಂದು ಗೆರೆಯಾಗಿದ್ದಳು, ಎಡ ಬಲವಾಗಿತ್ತು. ಉದ್ದ ಮುಖ, ಬತ್ತಿದ ಕೆನ್ನೆ, ಬಲಮೂಗಿನಲ್ಲಿ ಮೂಗುತಿ. ಅವಳ ಬಿಳಿ ಬೆಳಕು ನೆಲದ ಮೇಲೆ ಬಿದ್ದು, ನಾವಿಬ್ಬರೂ ಕೂರುತ್ತಿದ್ದ ಜಾಗದಲ್ಲಿ ಅಲ್ಲಾಡುತ್ತಿತ್ತು. ಯಾರೋ ಮಂಡಿ ತಬ್ಬಿ, ಕತ್ತು ಎತ್ತಿ, ಇನ್ನೂ ಅಲ್ಲೇ ಕೂತು ನೋಡುತ್ತಿರುವ ಹಾಗೆ. ನನಗೆ ಹೆದರಿಕೆಯಾಗಲಿಲ್ಲ. ದುಃಖ ಉಕ್ಕಿ ಬಂತು, ಅಷ್ಟೆ.

“ಮೆಹರ್, ಈಚೆ ಬಂದು ನೋಡೇ” ಅಂದೆ.

ತಿರುಗಿ ಬೆಂಚಿಗೆ ಬಂದಾಗ ರಾಜಕುಮಾರ ಕುದುರೆಯಿಂದ ಇಳಿದಿದ್ದ. ಅವನು ಆ ತುಂಬಿದ ಹೆಂಗಸನ್ನು ಎತ್ತಿದ್ದು ಎರಡೂ ಕೈಯಲ್ಲಿ, ಕಾಲೂರಿ, ಸ್ವಲ್ಪ ಏದುಸಿರು ಬಿಡುತ್ತ. ನಾವು ಕೂತಲ್ಲಿಂದ ಇನ್ನೊಂದು ಕೈ ಕಂಡೇ ಇರಲಿಲ್ಲ.

“ಎಲ್ಲಿ ಹೋಗಿದ್ದೆ?” ಎಂದು ಅಮ್ಮ ಪಿಸುಗುಟ್ಟಿದಳು.

“ಮೆಹರ್‌ನ ಕರೆಯೋಕೆ.”

ಅಮ್ಮ ಬೆಂಚಿನ ಮೇಲೆ ತುಸು ಸರಿದು, ಇಬ್ಬರು ಕೂರುವಷ್ಟು ಜಾಗ ಬಿಟ್ಟಳು.